ಸ್ಕಾಟ್‌ಲೆಂಡಿನ ಹಳೇ ಡೀಸೆಲ್ ರೈಲುಗಳ ಫೋಟೋ: ಊರು, ವರ್ಷ ಗುರುತಿಸಲು ಸಹಾಯ ಬೇಕು

ಹಳಿಪಯಣ (ಎಡಿನ್‌ಬರೋ)

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯ ತಾತ ಹೋದ ವರ್ಷ ತೀರಿಕೊಂಡರು. ಅವರಿಗೆ ರೈಲು ಫೋಟೋ ತೆಗೆಯುವ ಹುಚ್ಚು. ಮನೆ ಖಾಲಿ ಮಾಡುವಾಗ ಅವರ ಮಗಳು ಸ್ಲೈಡ್ ತುಂಬಿದ ಡಬ್ಬಿಗಳನ್ನು ನನಗೆ ಕೊಟ್ಟರು. 1960ರ ದಶಕದಿಂದ 80ರ ದಶಕದ ಕೊನೆಯವರೆಗಿನ ಚಿತ್ರಗಳು ಇರಬೇಕು. ಎಲ್ಲವೂ ಡೀಸೆಲ್ ಇಂಜಿನ್‌ಗಳೇ. ಕೆಲವಕ್ಕೆ ಪೆನ್ಸಿಲ್‌ನಲ್ಲಿ ಏನೋ ಬರೆದಿದೆ. ಉಳಿದವಕ್ಕೆ ಊರೂ ಇಲ್ಲ, ವರ್ಷವೂ ಇಲ್ಲ.

ಚೆನ್ನಾಗಿದೆ ಅಂತ ನೋಡಿ ಎತ್ತಿಡಲು ನನಗೆ ಮನಸ್ಸು ಬರುತ್ತಿಲ್ಲ. ಎಲ್ಲಿ, ಯಾವಾಗ ಅಂತ ಗೊತ್ತಾದರೆ ತಾನೇ ಅದು ದಾಖಲೆ? ಸದ್ಯಕ್ಕೆ ಮೂರು ಹಾಕುತ್ತೇನೆ.

ಚಿತ್ರ 1: ನೀಲಿ ಇಂಜಿನ್, ಪೂರ್ತಿ ಹಳದಿ ಮುಖ. ಮುಖದ ಮೇಲೆ ಬಿಳಿ ಬಿಲ್ಲೆಗಳು. ಹಿಂದೆ ಸಮುದ್ರ, ಅದರಾಚೆ ಬೆಟ್ಟ. ಬೋಗಿಗಳ ಸಂದಿಯಿಂದ ಹಬೆ ಬರುತ್ತಿದೆ.

ಚಿತ್ರ 2: ಕೋಟೆಯ ಬುಡದಲ್ಲಿ ರೈಲು. ಇದು ಎಡಿನ್‌ಬರೋ, ಅದರಲ್ಲಿ ಅನುಮಾನವಿಲ್ಲ. ಆದರೆ ಮುಂದೆ ಒಂದು ಇಂಜಿನ್, ಹಿಂದೆ ಇನ್ನೊಂದು. ಯಾಕೆ?

ಚಿತ್ರ 3: ಕಪ್ಪು ಬಿಳುಪು. ಶೆಡ್ ಮುಂದೆ ನಿಂತ ಇಂಜಿನ್. ಪಕ್ಕದಲ್ಲಿ ಡೈಮಂಡ್ ಆಕಾರದ ಫಲಕ.

ಕ್ಲೈಡ್ ತೀರ (ಗ್ಲಾಸ್ಗೋ)

ಮೇಡಂ, ನಿಮ್ಮ ಕೈಗೆ ನಿಧಿ ಸಿಕ್ಕಿದೆ. ಚಿತ್ರ 2ರಿಂದ ಶುರು ಮಾಡುತ್ತೇನೆ, ಅದು ನಮ್ಮ ಊರಿನ ರೈಲು.

ಅದು ಎಡಿನ್‌ಬರೋ–ಗ್ಲಾಸ್ಗೋ ಎಕ್ಸ್‌ಪ್ರೆಸ್. ಎರಡು ತುದಿಯಲ್ಲೂ ಇರುವುದು ಕ್ಲಾಸ್ 27 ಇಂಜಿನ್ (ಕ್ಲಾಸ್ ಅಂದರೆ ಬ್ರಿಟಿಷ್ ರೈಲ್ವೆ ಒಂದೊಂದು ಮಾದರಿಗೆ ಕೊಟ್ಟ ಸಂಖ್ಯೆ). 1971ರಲ್ಲಿ ಈ ಪದ್ಧತಿ ಶುರುವಾಯಿತು. ಒಂದೊಂದಕ್ಕೆ 1250 ಅಶ್ವಶಕ್ತಿ. ಮುಂದಿನ ಇಂಜಿನ್‌ನಲ್ಲಿ ಕೂತ ಡ್ರೈವರ್ ಎರಡನ್ನೂ ಒಟ್ಟಿಗೆ ನಡೆಸುತ್ತಿದ್ದ.

ಎರಡು ಇಂಜಿನ್ ಯಾಕೆ ಅಂತ ಕೇಳಿದಿರಿ. ಕಾರಣ ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಲ್ಲಿದೆ. ನಿಲ್ದಾಣ ಬಿಟ್ಟ ತಕ್ಷಣ ಸುರಂಗ, ಸುರಂಗದೊಳಗೇ ಕಡಿದಾದ ಏರು. ಕೌಲೇರ್ಸ್ ಏರು ಅಂತ ಅದಕ್ಕೆ ಹೆಸರು. 1842ರಲ್ಲಿ ಹಳಿ ಹಾಕಿದಾಗ ಮೇಲೆ ಒಂದು ಯಂತ್ರ ಇಟ್ಟು ಹಗ್ಗ ಕಟ್ಟಿ ರೈಲನ್ನು ಎಳೆಯುತ್ತಿದ್ದರು. 1908ರವರೆಗೂ ಹಾಗೇ ನಡೆಯಿತು. ಆಮೇಲೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಬಂತು. ಎರಡು ತುದಿಯಲ್ಲೂ ಇಂಜಿನ್ ಇದ್ದರೆ ಬ್ಯಾಂಕರ್ ಬೇಡ. ಕೊನೆಯ ನಿಲ್ದಾಣದಲ್ಲಿ ಇಂಜಿನ್ ಬಿಚ್ಚಿ ಈ ಕಡೆಗೆ ತರುವ ಕೆಲಸವೂ ಇಲ್ಲ. ಬಂದ ರೈಲು ಹಾಗೇ ತಿರುಗಿ ಹೊರಡಬಹುದು.

ವರ್ಷ ಬೇಕಾದರೆ ಇಂಜಿನ್‌ನ ಹಣೆ ನೋಡಿ. ಅಲ್ಲೊಂದು ಗಾಜಿನ ಪೆಟ್ಟಿಗೆ ಇದೆ, ಅದರೊಳಗೆ ನಾಲ್ಕು ಅಕ್ಷರ. ಅದು ರೈಲಿನ ಹೆಡ್‌ಕೋಡ್, ಅಂದರೆ ಇದು ಯಾವ ರೈಲು ಅಂತ ತಿಳಿಸುವ ಸಂಕೇತ. 1976ರ ಜನವರಿಯಿಂದ ಅದನ್ನು ತೋರಿಸುವುದನ್ನು ನಿಲ್ಲಿಸಿದರು. ಆಮೇಲೆ ಸುಮ್ನೆ ನಾಲ್ಕು ಸೊನ್ನೆ ತಿರುಗಿಸಿ ಇಡುತ್ತಿದ್ದರು. ನಿಮ್ಮ ಚಿತ್ರದಲ್ಲಿ ಸೊನ್ನೆಗಳು ಕಾಣುತ್ತಿವೆ. 1979ರಲ್ಲಿ ಹೆಚ್ಚು ಬಲದ ಕ್ಲಾಸ್ 47 ಇಂಜಿನ್ ಬಂದು, ರೈಲಿನ ಇನ್ನೊಂದು ತುದಿಯ ಬೋಗಿಯಲ್ಲೇ ಡ್ರೈವರ್ ಕೋಣೆ ಮಾಡಿದರು. ಹಾಗಾಗಿ ಇದು 1976ರಿಂದ 79–80ರ ಒಳಗಿನದು.

ಘಟ್ಟದ ಲೋಕೋ (ಅರಸೀಕೆರೆ)

ನಾನು ನಿವೃತ್ತ ಲೋಕೋ ಪೈಲಟ್. ಸಕಲೇಶಪುರ ಘಟ್ಟದಲ್ಲಿ ಬ್ಯಾಂಕರ್ ಜೊತೆ ಕೆಲಸ ಮಾಡಿದವನು. ಹಿಂದೆ ತಳ್ಳುವ ಇಂಜಿನ್‌ಗೆ ಮುಂದಿನವನ ಮನಸ್ಸು ಗೊತ್ತಿರಬೇಕು. ಒಬ್ಬನೇ ಡ್ರೈವರ್ ರೈಲಿನ ಉದ್ದಕ್ಕೂ ಹಾದ ತಂತಿಯಿಂದ ಎರಡನ್ನೂ ನಡೆಸುತ್ತಿದ್ದ ಅಂದರೆ, ಆ ಕಾಲಕ್ಕೆ ಒಳ್ಳೇ ಕೆಲಸ ಅದು.

ಚಿತ್ರ 1ರಲ್ಲಿ ಹಬೆ ಯಾಕೆ ಅಂತ ಹೊಸ ಹುಡುಗರಿಗೆ ಅನ್ನಿಸಬಹುದು. ಬೋಗಿ ಬೆಚ್ಚಗಿಡಲು ಡೀಸೆಲ್ ಇಂಜಿನ್ ಒಳಗೇ ಒಂದು ಸಣ್ಣ ಬಾಯ್ಲರ್ ಇರುತ್ತಿತ್ತು. ಹಬೆ ಪೈಪಿನಲ್ಲಿ ಬೋಗಿಯಿಂದ ಬೋಗಿಗೆ ಹೋಗುತ್ತಿತ್ತು. ಕೀಲು ಸಡಿಲ ಇದ್ದಲ್ಲಿ ಸೋರುತ್ತಿತ್ತು. ನಮ್ಮ ಕಡೆ ಇದರ ಅಗತ್ಯವೇ ಬರಲಿಲ್ಲ.

ಇಂಜಿನ್ ಕಿಟಕಿಯ ಕೆಳಗೆ ಒಂದು ಗುಂಡಿಯಂಥ ಜಾಗ ಇದೆ, ನೋಡಿ ಮಗಳೇ. ಅದು ಏನು?

ಇನ್ವರ್ನೆಸ್ ಅಕ್ಕ

ಸರ್, ನೀವು ಸರಿಯಾದ ಜಾಗವನ್ನೇ ನೋಡಿದ್ದೀರಿ! ಅದು ಟೋಕನ್ (ಮುಂದಿನ ಹಳಿಗೆ ಹೋಗಲು ಡ್ರೈವರ್‌ಗೆ ಕೊಡುವ ಅನುಮತಿಯ ಗುರುತು) ಹಿಡಿಯುವ ಸಾಧನ ಕೂರಿಸಲು ಮಾಡಿದ ಜಾಗ. ಒಂಟಿ ಹಳಿಯ ಮಾರ್ಗದಲ್ಲಿ ರೈಲು ನಿಲ್ಲಿಸದೇ ಟೋಕನ್ ಬದಲಾಯಿಸಬೇಕಲ್ಲ, ಅದಕ್ಕೆ. ನಮ್ಮ ಇನ್ವರ್ನೆಸ್ ಶೆಡ್‌ನ ಕ್ಲಾಸ್ 26 ಇಂಜಿನ್‌ಗಳಿಗೆ ಇದು ಇತ್ತು. ಸಾಧನ ತೆಗೆದ ಮೇಲೂ ಗುಂಡಿ ಉಳಿದಿತ್ತು. ಕೆಲವಕ್ಕೆ ತಗಡು ಹೊಡೆದು ಮುಚ್ಚಿದರು.

ಊರು ಕೈಲ್ ಆಫ್ ಲೊಕಾಲ್ಶ್. ನೀರಿನಂಚಿನಲ್ಲೇ ಇರುವ ನಿಲ್ದಾಣ. ಆಚೆ ಕಾಣುವುದು ಸ್ಕೈ ದ್ವೀಪ. ದ್ವೀಪಕ್ಕೆ ಹೋಗುವ ರಸ್ತೆ ಸೇತುವೆ 1995ರಲ್ಲಿ ಬಂತು. ಈಗ ಅದೇ ಕೋನದಲ್ಲಿ ಫೋಟೋ ತೆಗೆದರೆ ಸೇತುವೆ ಕಣ್ಣಿಗೆ ಬೀಳುತ್ತದೆ.

ಕ್ಲೈಡ್ ತೀರ

ಅಕ್ಕ, 26 ಅಂತ ಹೇಗೆ ಹೇಳಿದಿರಿ? ಮುಖ ನೋಡಿದರೆ 26, 27 ಎರಡೂ ಅಣ್ಣತಮ್ಮಂದಿರ ಹಾಗಿವೆ. ಎರಡನ್ನೂ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್ ಕಾರ್ಖಾನೆಯೇ ಕಟ್ಟಿದ್ದು. ಎರಡಕ್ಕೂ ಒಳಗೆ ಸುಲ್ಜರ್ ಕಂಪನಿಯ ಡೀಸೆಲ್ ಮೋಟಾರು.

ಇನ್ವರ್ನೆಸ್ ಅಕ್ಕ

ಬಿಲ್ಲೆ ನೋಡಿ ಹೇಳಿದೆ. ಕ್ಲಾಸ್ 26 ಮೊದಲು ಬಂದವು, 1958–59ರಲ್ಲಿ, 47 ಇಂಜಿನ್. ಆಗ ರೈಲಿನ ದರ್ಜೆ ತೋರಿಸಲು ಮುಖದ ಮೇಲೆ ಮಡಚುವ ಬಿಳಿ ಬಿಲ್ಲೆಗಳು. ಕ್ಲಾಸ್ 27 ಬಂದದ್ದು 1961–62ರಲ್ಲಿ, 69 ಇಂಜಿನ್. ಅವಕ್ಕೆ ನೀವು ಹೇಳಿದ ಹಣೆಯ ಪೆಟ್ಟಿಗೆ. ಹಣೆ ಬೋಳಾಗಿದ್ದು ಬಿಲ್ಲೆ ಇದ್ದರೆ 26, ಹಣೆಯಲ್ಲಿ ಪೆಟ್ಟಿಗೆ ಇದ್ದರೆ 27.

ಇಲ್ಲಿ ಮೇಲಿನ ನಡುವಿನ ಬಿಲ್ಲೆ ಒಂದೇ ತೆರೆದಿದೆ. ಅಂದರೆ ಎಲ್ಲ ಕಡೆ ನಿಲ್ಲುವ ಸಾಮಾನ್ಯ ಪ್ಯಾಸೆಂಜರ್. ಎಕ್ಸ್‌ಪ್ರೆಸ್ ಆಗಿದ್ದರೆ ಕೆಳಗೆ ಎರಡೂ ಬದಿಯ ಬಿಲ್ಲೆ ತೆರೆದಿರುತ್ತಿದ್ದವು. ಮುಖದ ಮೇಲೆ ಕಾರಿನ ಹಾಗೆ ದೊಡ್ಡ ಹೆಡ್‌ಲೈಟೂ ಇದೆ. ನಮ್ಮ ಉತ್ತರದ ಮಾರ್ಗಗಳಲ್ಲಿ ಗೇಟ್ ಇಲ್ಲದ ಕ್ರಾಸಿಂಗ್ ಜಾಸ್ತಿ, ಅದಕ್ಕೇ ಇನ್ವರ್ನೆಸ್ ಇಂಜಿನ್‌ಗಳಿಗೆ ಅದನ್ನು ಹಾಕಿದ್ದು. ಬದಿಯಲ್ಲಿ 26ರಿಂದ ಶುರುವಾಗುವ ಐದಂಕಿ ನಂಬರ್ ಇದೆ. ಆ ನಂಬರ್ ಪದ್ಧತಿ ಬಂದದ್ದು 1973–74ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನದಲ್ಲ.

ಇನ್ನೊಂದು ಮಾತು. ಈ ಕೈಲ್ ಮಾರ್ಗವನ್ನು ಮುಚ್ಚಬೇಕು ಅಂತ ತೀರ್ಮಾನ ಆಗಿಹೋಗಿತ್ತು. 1974ರಲ್ಲಿ ಅದು ಉಳಿಯಿತು. ಸಮುದ್ರದ ತೈಲ ತೆಗೆಯುವ ದೊಡ್ಡ ವೇದಿಕೆಗಳನ್ನು ಹತ್ತಿರದ ಕಿಶಾರ್ನ್‌ನಲ್ಲಿ ಕಟ್ಟಲು ಶುರು ಮಾಡಿದರು, ಸಾಮಾನು ಸಾಗಿಸಲು ರೈಲು ಬೇಕಾಯಿತು. ನಿಮ್ಮ ಚಿತ್ರದ ರೈಲು ಹಾಗೆ ಉಳಿದುಕೊಂಡ ಮಾರ್ಗದ ರೈಲು.

ಫಿಲಂ ಡಬ್ಬಿ (ಮೈಸೂರು)

ನನಗೆ ಇಂಜಿನ್ ಬಗ್ಗೆ ಅಷ್ಟು ಗೊತ್ತಿಲ್ಲ, ಫಿಲಂ ಬಗ್ಗೆ ಹೇಳುತ್ತೇನೆ. ಸ್ಲೈಡ್‌ನ ಮೌಂಟ್ (ಫಿಲಂ ತುಣುಕಿನ ಸುತ್ತಲ ಚೌಕಟ್ಟು) ಮೇಲೆ ಕೊಡಾಕ್ರೋಮ್ ಅಂತ ಇದೆಯಾ ನೋಡಿ. ಇದ್ದರೆ ನೀವು ಅದೃಷ್ಟವಂತರು. ಕತ್ತಲಲ್ಲಿ ಇಟ್ಟ ಕೊಡಾಕ್ರೋಮ್ ಬಣ್ಣ ದಶಕಗಳ ನಂತರವೂ ಕೆಡುವುದಿಲ್ಲ. ಆ ಕಾಲದ ಬೇರೆ ಹಲವು ಫಿಲಂಗಳು ಕೆಂಪು ತಿರುಗಿರುತ್ತವೆ.

ಸ್ಕ್ಯಾನ್ ಮಾಡುವಾಗ ಒಂದು ಎಚ್ಚರ. ಸ್ಕ್ಯಾನರ್‌ನಲ್ಲಿ ದೂಳು, ಗೀರು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯ ಇರುತ್ತದೆ. ಕೊಡಾಕ್ರೋಮ್‌ಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಚಿತ್ರದ ಗೆರೆಗಳನ್ನೇ ಗೀರು ಅಂದುಕೊಂಡು ಅಳಿಸಿಬಿಡುತ್ತದೆ. ಬೆಳ್ಳಿ ಇರುವ ಕಪ್ಪು ಬಿಳುಪು ಫಿಲಂಗೂ ಅದೇ ತೊಂದರೆ. ಅದನ್ನು ಆಫ್ ಮಾಡಿ. ಗಾಳಿ ಊದುವ ರಬ್ಬರ್ ಬಲ್ಬ್‌ನಿಂದ ಮೊದಲೇ ದೂಳು ಹಾರಿಸಿ. ಬಟ್ಟೆ ಹಾಕಿ ಉಜ್ಜಬೇಡಿ.

ಕೆಲವು ಮೌಂಟ್‌ಗಳ ಅಂಚಿನಲ್ಲಿ ಫಿಲಂ ತೊಳೆದ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಫೋಟೋ ತೆಗೆದ ದಿನ ಅಲ್ಲ. ಆದರೆ ಚಿತ್ರ ಅದಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ, ಅಲ್ವಾ? ಹಾಗಾಗಿ ಮೌಂಟನ್ನೂ ಎರಡು ಬದಿ ಸ್ಕ್ಯಾನ್ ಮಾಡಿ ಚಿತ್ರದ ಜೊತೆಗೇ ಇಡಿ.

ಕ್ಲೈಡ್ ತೀರ

ಈಗ ಚಿತ್ರ 3. ಇದರ ಬಗ್ಗೆ ಬರೆಯುವಾಗ ನನಗೆ ಸಂಕಟ ಆಗುತ್ತದೆ.

ಡೈಮಂಡ್ ಆಕಾರದ ಫಲಕ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿಯದು. ಗ್ಲಾಸ್ಗೋದ ಸ್ಪ್ರಿಂಗ್‌ಬರ್ನ್‌ನಲ್ಲಿತ್ತು. ಒಂದು ಕಾಲಕ್ಕೆ ಜಗತ್ತಿಗೆಲ್ಲ ಉಗಿ ಇಂಜಿನ್ ಕಳಿಸಿದ ಕಾರ್ಖಾನೆ. ಇಂಜಿನ್‌ಗಳನ್ನು ರಸ್ತೆಯಲ್ಲೇ ಎಳೆದುಕೊಂಡು ಕ್ಲೈಡ್ ನದಿಗೆ ತಂದು, ದೊಡ್ಡ ಕ್ರೇನ್‌ನಿಂದ ಹಡಗಿಗೆ ಏರಿಸುತ್ತಿದ್ದರು. ಫಿನಿಸ್ಟನ್‌ನ ಆ ಕ್ರೇನ್ ಈಗಲೂ ನಿಂತಿದೆ. ನಾನು ಕೆಲಸಕ್ಕೆ ಹೋಗುವಾಗ ದಿನಾ ಕಾಣುತ್ತದೆ.

ಡೀಸೆಲ್ ಕಾಲ ಬಂದಾಗ ಈ ಕಂಪನಿ ಜರ್ಮನಿಯ ಮಾನ್ ಕಂಪನಿಯಿಂದ ಪರವಾನಗಿ ಪಡೆದು ಡೀಸೆಲ್ ಮೋಟಾರು ಮಾಡಿತು. ಅದನ್ನು ಹಾಕಿ ಕ್ಲಾಸ್ 21 ಕಟ್ಟಿತು, 58 ಇಂಜಿನ್. ಅವು ಪದೇ ಪದೇ ಕೆಟ್ಟವು. ಮೊದಲು ಲಂಡನ್ ಕಡೆಗೆ ಕೊಟ್ಟಿದ್ದವನ್ನೂ ಸ್ಕಾಟ್‌ಲೆಂಡಿಗೆ ಕಳಿಸಿದರು. ಕಾರ್ಖಾನೆ ಪಕ್ಕದಲ್ಲೇ ಇದ್ದರೆ ರಿಪೇರಿ ಸುಲಭ ಅಂತ. ಆದರೆ 1962ರಲ್ಲಿ ಕಾರ್ಖಾನೆಯೇ ಮುಚ್ಚಿತು. 20 ಇಂಜಿನ್‌ಗಳಿಗೆ 1350 ಅಶ್ವಶಕ್ತಿಯ ಪ್ಯಾಕ್ಸ್‌ಮನ್ ಮೋಟಾರು ಕೂರಿಸಿ ಕ್ಲಾಸ್ 29 ಅಂತ ಕರೆದರು. ಅವು ಎಷ್ಟೋ ವಾಸಿ. ಆದರೂ 1971ರ ಕೊನೆಗೆ ಎಲ್ಲವೂ ಸೇವೆಯಿಂದ ಹೋಗಿ ಗುಜರಿ ಸೇರಿದವು.

ಒಂದೂ ಉಳಿದಿಲ್ಲ. ಯಾವ ಮ್ಯೂಸಿಯಂನಲ್ಲೂ ಇಲ್ಲ. ಅವನ್ನು ನೋಡಬೇಕೆಂದರೆ ಇಂಥ ಫೋಟೋಗಳೇ ಗತಿ. ನಿಮ್ಮ ಚಿತ್ರದ ಮುಖದಲ್ಲಿ ಹೆಡ್‌ಕೋಡ್ ಪೆಟ್ಟಿಗೆ ಇದೆ, ಹಾಗಾಗಿ ಕ್ಲಾಸ್ 29. ನಂಬರ್ ಮುಂದೆ 'ಡಿ' ಅಕ್ಷರ ಇದೆ. 1968ರಲ್ಲಿ ಉಗಿ ಇಂಜಿನ್ ಮುಗಿದ ಮೇಲೆ ಆ ಅಕ್ಷರ ಬರೆಯುವುದನ್ನು ಬಿಟ್ಟರು, ಹಳೇ ಬಣ್ಣದ ಮೇಲೆ ಮಾತ್ರ ಕೆಲವು ಕಾಲ ಉಳಿದಿತ್ತು. ಮೂಲ ಸ್ಲೈಡ್ ಜೋಪಾನ ಮೇಡಂ.

ಘಟ್ಟದ ಲೋಕೋ

ಇದೇ ಕಂಪನಿ ನಮ್ಮ ದೇಶಕ್ಕೂ ಡೀಸೆಲ್ ಕಳಿಸಿತ್ತು. 1950ರ ದಶಕದ ನಡುವೆ, ಮೀಟರ್ ಗೇಜ್‌ಗೆ, ವೈಡಿಎಂ-1 ಅಂತ 20 ಇಂಜಿನ್. ಗಾಂಧಿಧಾಮ ಕಡೆ ಓಡಿದವು. ಕರ್ನಾಟಕದ ಮೀಟರ್ ಗೇಜ್‌ನಲ್ಲಿ ನಾವು ಓಡಿಸಿದ್ದು ವೈಡಿಎಂ-4, ಅದು ಅಮೆರಿಕದ ಆಲ್ಕೋ ವಿನ್ಯಾಸ.

ಹೊಸ ಪ್ರಯಾಣಿಕ

ಚಿತ್ರ 3ಕ್ಕೆ ಎಐ ಆ್ಯಪ್‌ನಲ್ಲಿ ಬಣ್ಣ ಹಾಕಿಕೊಡಲಾ? ಎರಡೇ ನಿಮಿಷದ ಕೆಲಸ. ಜನರಿಗೆ ಹಿಡಿಸುತ್ತದೆ.

ಫಿಲಂ ಡಬ್ಬಿ

ದಯವಿಟ್ಟು ಬೇಡ. ಮೇಲೆ ಎಲ್ಲರೂ ವರ್ಷ ಹುಡುಕಿದ್ದು ಹೇಗೆ ನೋಡಿ. ಬಣ್ಣ, ಅಂಕಿ, ಹಳದಿ ಪಟ್ಟಿಯ ಅಳತೆ, ಇವುಗಳಿಂದ. ಆ್ಯಪ್ ಬಣ್ಣವನ್ನು ಊಹೆ ಮಾಡಿ ಬಳಿಯುತ್ತದೆ. ಮಸುಕಾದ ನಂಬರ್‌ಗೆ ತನಗೆ ತೋಚಿದ ಅಂಕಿ ತಿದ್ದುತ್ತದೆ.

ಕ್ಲೈಡ್ ತೀರ

ಕ್ಲಾಸ್ 29ರಲ್ಲಿ ಕೆಲವಕ್ಕೆ ಹಸಿರು ಬಣ್ಣ, ಕೆಲವಕ್ಕೆ ನೀಲಿ. ಕಪ್ಪು ಬಿಳುಪು ಚಿತ್ರದಲ್ಲಿ ಅದು ಯಾವುದು ಅಂತ ಯಂತ್ರಕ್ಕೆ ಹೇಗೆ ತಿಳಿಯಬೇಕು? ಮುಖದಲ್ಲಿ ಅರ್ಧ ಹಳದಿ ಇದ್ದರೆ 60ರ ದಶಕದ ನಡುಭಾಗದಲ್ಲಿ ಬಳಿದದ್ದು. ಪೂರ್ತಿ ಹಳದಿ ಇದ್ದರೆ ಆ ದಶಕದ ಕೊನೆಯದು. ಆ ಗೆರೆ ಎಲ್ಲಿ ಮುಗಿಯುತ್ತದೆ ಅನ್ನುವುದೇ ಇಲ್ಲಿ ಸಾಕ್ಷಿ.

ಹೊಸ ಪ್ರಯಾಣಿಕ

ಮೂಲ ಹಾಗೇ ಇಟ್ಟು, ಬಣ್ಣದ ಪ್ರತಿಯನ್ನು ಬೇರೆಯಾಗಿ, 'ಊಹೆಯ ಬಣ್ಣ' ಅಂತ ಬರೆದು ಹಾಕಿದರೆ?

ಫಿಲಂ ಡಬ್ಬಿ

ಬರೆದದ್ದು ಎರಡನೇ ಶೇರ್‌ನಲ್ಲೇ ಉದುರಿ ಹೋಗುತ್ತದೆ. ಹತ್ತು ವರ್ಷದ ನಂತರ ಯಾರೋ ಅದನ್ನೇ ಮೂಲ ಅಂದುಕೊಂಡು ಪುಸ್ತಕದಲ್ಲಿ ಹಾಕುತ್ತಾರೆ. ಒಂದೂ ಉಳಿಯದ ಇಂಜಿನ್ ಅದು. ಎದುರಿಗೆ ಇಟ್ಟು ತಾಳೆ ನೋಡಲು ಅಸಲಿ ಇಲ್ಲ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ಹಳಿಪಯಣ

ನಾನೂ ಒಪ್ಪುತ್ತೇನೆ. ಬಣ್ಣ ಹಾಕುವುದು ಬೇಡ.

ಹಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸ್ಲೈಡ್ ಕೈಗೆ ಬಂದ ಮಾತ್ರಕ್ಕೆ ಕಾಪಿರೈಟ್ ಬರುವುದಿಲ್ಲ. ಬ್ರಿಟನ್ನಿನಲ್ಲಿ ಫೋಟೋ ತೆಗೆದವರು ತೀರಿಕೊಂಡ ನಂತರವೂ 70 ವರ್ಷ ಹಕ್ಕು ಇರುತ್ತದೆ. ಇಲ್ಲಿ ಅದು ಮಗಳಿಗೆ ಸೇರಿದ್ದು. ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಬೇರೆ ಕಡೆ ಹಾಕುವವರು ಮೊದಲು ನನ್ನನ್ನು ಕೇಳಿ.

ಮುಂದಿನ ಎರಡು.

ಚಿತ್ರ 4: ಪೆನ್ಸಿಲ್‌ನಲ್ಲಿ 'ನ್ಯೂಕ್ಯಾಸಲ್ಟನ್' ಅಂತ ಇದೆ. ವರ್ಷ ಇಲ್ಲ. ಡ್ರೈವರ್ ಕೋಣೆ ನಡುವೆ ಇರುವ ವಿಚಿತ್ರ ಇಂಜಿನ್, ಹಿಂದೆ ಗೂಡ್ಸ್.

ಚಿತ್ರ 5: ಬಾಗಿದ ಕಾಂಕ್ರೀಟ್ ಸೇತುವೆ ಮೇಲೆ ಇಂಜಿನ್. ಬದಿಯಲ್ಲಿ ಸಣ್ಣ ಬಿಳಿ ನಾಯಿಯ ಗುರುತು. ಹೆಸರಿನ ಫಲಕದಲ್ಲಿ 'ಲಾಕ್ ರನೋಕ್'. ಮೌಂಟ್ ಮೇಲೆ 1987 ಒತ್ತಿದೆ.

ಕ್ಲೈಡ್ ತೀರ

ಚಿತ್ರ 5 ಸುಲಭ. ಗ್ಲೆನ್‌ಫಿನ್ನನ್ ಸೇತುವೆ, 21 ಕಮಾನು, ಮಾಲೇಗ್ ಮಾರ್ಗ. ಬಿಳಿ ನಾಯಿ ಗ್ಲಾಸ್ಗೋದ ಈಸ್ಟ್‌ಫೀಲ್ಡ್ ಶೆಡ್‌ನ ಗುರುತು. ಇನ್ವರ್ನೆಸ್ ಶೆಡ್‌ಗೆ ಸಾರಂಗ, ಎಡಿನ್‌ಬರೋದ ಹೇಮಾರ್ಕೆಟ್‌ಗೆ ಕೋಟೆ. 'ಲಾಕ್ ರನೋಕ್' ಅಂದರೆ ಇಂಜಿನ್ 37408. 1985–86ರಲ್ಲಿ ಬಾಯ್ಲರ್ ಬದಲು ವಿದ್ಯುತ್ತಿನಿಂದ ಬೋಗಿ ಬೆಚ್ಚಗಿಡುವ ಹಾಗೆ ಮಾರ್ಪಡಿಸಿದ ಗುಂಪಿನದು. 1989ರ ಜನವರಿಯಿಂದ ಇಲ್ಲಿ ಬೇರೆ ಇಂಜಿನ್ ಬೇಡದ, ಬೋಗಿಯಲ್ಲೇ ಮೋಟಾರು ಇರುವ ಸ್ಪ್ರಿಂಟರ್ ರೈಲುಗಳು ಬಂದವು. ಮೌಂಟ್‌ನ 1987 ಸರಿಯಾಗಿ ಹೊಂದುತ್ತದೆ.

ಚಿತ್ರ 4ರ ಕಥೆ ದೊಡ್ಡದು. ಇಂಜಿನ್ ಕ್ಲಾಸ್ 17, ಜನ ಕರೆಯುವುದು ಕ್ಲೇಟನ್ ಅಂತ. 1962–65ರಲ್ಲಿ 117 ಕಟ್ಟಿದರು. ನಡುವೆ ಕೂತರೆ ಎರಡು ಕಡೆಗೂ ಚೆನ್ನಾಗಿ ಕಾಣಲಿ ಅಂತ ಆ ವಿನ್ಯಾಸ. ಮೋಟಾರುಗಳು ಕೈಕೊಟ್ಟವು, 1971ಕ್ಕೆ ಎಲ್ಲ ಸೇವೆಯಿಂದ ಹೋದವು. ಒಂದೇ ಒಂದು ಉಳಿದಿದೆ, ಡಿ8568.

ನ್ಯೂಕ್ಯಾಸಲ್ಟನ್ ಇದ್ದದ್ದು ಎಡಿನ್‌ಬರೋ–ಕಾರ್ಲೈಲ್ ನಡುವಿನ ವೇವರ್ಲಿ ಮಾರ್ಗದಲ್ಲಿ. 98 ಮೈಲಿ. 1969ರ ಜನವರಿ 5ರ ರಾತ್ರಿ ಎಡಿನ್‌ಬರೋದಿಂದ ಈ ಮಾರ್ಗದ ಕೊನೆಯ ಪ್ರಯಾಣಿಕ ರೈಲು ಹೊರಟಿತು, ಲಂಡನ್‌ಗೆ ಹೋಗುವ ಸ್ಲೀಪರ್. ದಾರಿಯಲ್ಲಿನ ಹಾಯಿಕ್ ಊರಿನಲ್ಲಿ ಜನ ಸಾರಿಗೆ ಮಂತ್ರಿ ರಿಚರ್ಡ್ ಮಾರ್ಶ್ ಅವರ ವಿಳಾಸ ಬರೆದ ಶವಪೆಟ್ಟಿಗೆಯನ್ನು ರೈಲಿಗೆ ಹಾಕಿದರು. ಮುಂದೆ ದಾರಿ ಸರಿಯಿದೆಯಾ ನೋಡಲು ಒಂದು ಕ್ಲೇಟನ್ ಇಂಜಿನ್ ಕಳಿಸಿದ್ದರು. ನ್ಯೂಕ್ಯಾಸಲ್ಟನ್‌ನಲ್ಲಿ ಊರಿನವರು ಲೆವೆಲ್ ಕ್ರಾಸಿಂಗ್ ಗೇಟ್ ಮುಚ್ಚಿ ಹಳಿ ಮೇಲೆ ನಿಂತರು. ಊರಿನ ಪಾದ್ರಿ ಬ್ರೈಡನ್ ಮೇಬನ್ ಅವರನ್ನು ಪೊಲೀಸರು ಬಂಧಿಸಿದರು. ಆ ಭಾಗದ ಎಂಪಿ ಡೇವಿಡ್ ಸ್ಟೀಲ್ ಅದೇ ರೈಲಿನಲ್ಲಿದ್ದರು. ಅವರು ಇಳಿದು ಬಂದು ಮಾತಾಡಿದರು. ಪಾದ್ರಿಯನ್ನು ಬಿಟ್ಟರೆ ಜನ ದಾರಿ ಬಿಡುತ್ತಾರೆ ಅಂತ ಒಪ್ಪಂದ ಆಯಿತು.

ಚಿತ್ರದಲ್ಲಿ ಹಗಲು ಇದೆ, ಗೂಡ್ಸ್ ಇದೆ. ಹಾಗಾಗಿ ಅದು ಆ ರಾತ್ರಿಯದಲ್ಲ. ಆದರೆ 1962ರ ನಂತರ, 1969ರ ಆ ರಾತ್ರಿಗಿಂತ ಮೊದಲು ತೆಗೆದದ್ದು ಖಂಡಿತ.

ಇನ್ವರ್ನೆಸ್ ಅಕ್ಕ

2015ರಲ್ಲಿ ಆ ಮಾರ್ಗದ ಒಂದು ಭಾಗ ಟ್ವೀಡ್‌ಬ್ಯಾಂಕ್‌ವರೆಗೆ ಮತ್ತೆ ತೆರೆಯಿತು. ಹಾಯಿಕ್, ನ್ಯೂಕ್ಯಾಸಲ್ಟನ್ ಜನ ಇನ್ನೂ ಕಾಯುತ್ತಿದ್ದಾರೆ. ಈ ಚಿತ್ರವನ್ನು ಆ ಊರಿನವರಿಗೆ ತೋರಿಸಿ ಮೇಡಂ. ಹಿಂದೆ ಕಾಣುವ ಮನೆ ಯಾರದ್ದು ಅಂತ ಅವರು ಮಾತ್ರ ಹೇಳಬಲ್ಲರು.

ಹಳಿಪಯಣ

ಖಂಡಿತ ಕಳಿಸುತ್ತೇನೆ. ಈ ಡಬ್ಬಿಯಲ್ಲಿ ಉಳಿದದ್ದು ಇದೊಂದು.

ಚಿತ್ರ 6: ಬಯಲು ಸೀಮೆ, ಮರವೇ ಇಲ್ಲ. ಸಣ್ಣ ನಿಲ್ದಾಣ, ಕೈಮರದ ಸಿಗ್ನಲ್. ನೀಲಿ ಬೂದು ಬೋಗಿಗಳು. ಎರಡು ತುದಿಯಲ್ಲೂ ಕ್ಲಾಸ್ 26. ಚಿತ್ರ 2ರ ಹಾಗೆ ಇದೂ ಗ್ಲಾಸ್ಗೋ ರೈಲಾ?

ಘಟ್ಟದ ಲೋಕೋ

ಇರಲಾರದು. ಹಿಂದಿನ ಇಂಜಿನ್ ಪಕ್ಕ ಒಬ್ಬ ಬೋಗಿಗಳ ನಡುವೆ ಬಗ್ಗಿದ್ದಾನೆ. ಕಪ್ಲಿಂಗ್ ಬಿಚ್ಚುತ್ತಿದ್ದಾನೆ. ಅಂದರೆ ರೈಲು ಎರಡು ಭಾಗ ಆಗುತ್ತಿದೆ.

ಇನ್ವರ್ನೆಸ್ ಅಕ್ಕ

ಸರ್, ಇದು ಜಾರ್ಜ್‌ಮಸ್ ಜಂಕ್ಷನ್! ಬ್ರಿಟನ್ನಿನಲ್ಲೇ ಅತಿ ಉತ್ತರದ ಜಂಕ್ಷನ್. ಇನ್ವರ್ನೆಸ್‌ನಿಂದ ಬಂದ ರೈಲು ಇಲ್ಲಿ ಎರಡಾಗುತ್ತಿತ್ತು. ಮುಂದಿನ ಭಾಗ ನೇರ ವಿಕ್‌ಗೆ. ಥರ್ಸೋ ಹಳಿ ಬಂದ ದಿಕ್ಕಿಗೇ ತಿರುಗಿ ಹೋಗುವುದರಿಂದ, ಕಾದು ನಿಂತ ಇನ್ನೊಂದು ಇಂಜಿನ್ ಹಿಂಭಾಗಕ್ಕೆ ಜೋಡಿಕೊಂಡು ಕೆಲವು ಬೋಗಿಗಳನ್ನು ಥರ್ಸೋಗೆ ಎಳೆಯುತ್ತಿತ್ತು.

ಕೈಮರ ಇರುವುದರಿಂದ 1985ಕ್ಕೆ ಮುಂಚಿನದು. ಆ ವರ್ಷ ಇಲ್ಲಿ ರೇಡಿಯೋ ಟೋಕನ್ ಬಂತು, ಅಂದರೆ ಡ್ರೈವರ್‌ಗೆ ಅನುಮತಿ ರೇಡಿಯೋ ಮೂಲಕವೇ ಸಿಗತೊಡಗಿತು. 1978ರ ಜನವರಿಯ ಹಿಮಗಾಳಿಗೆ ಹಳಿ ಪಕ್ಕದ ಕಂಬ, ತಂತಿ ಎಲ್ಲ ಮುರಿದುಬಿದ್ದಿದ್ದವು. ಮತ್ತೆ ಕಂಬ ನೆಡುವ ಬದಲು ರೇಡಿಯೋ ಒಳ್ಳೆಯದು ಅಂತ ಆ ಕಡೆ ಯೋಚನೆ ಹೊರಳಿತು. ಚಿತ್ರದಲ್ಲಿ ಎಡಗಡೆ ಕಂಬಗಳು ನಿಂತಿವೆಯಾ? ದೊಡ್ಡದು ಮಾಡಿ ನೋಡಿ.

ಹಳಿಪಯಣ

ನಿಂತಿವೆ ಅಕ್ಕ. ತಂತಿಯೂ ಇದೆ. ಇಂಜಿನ್ ಮೇಲೆ ಐದಂಕಿ ನಂಬರ್ ಇದೆ. ಫೈಲಿಗೆ 'ಜಾರ್ಜ್‌ಮಸ್ ಜಂಕ್ಷನ್, ಕ್ಲಾಸ್ 26, 1974ರ ನಂತರ, 1978ರ ಮೊದಲು ಇರಬಹುದು' ಅಂತ ಹೆಸರು ಕೊಟ್ಟೆ. ಯಾವ ಗುರುತಿನಿಂದ ತಿಳಿಯಿತು ಅನ್ನುವುದನ್ನೂ ಪಕ್ಕದಲ್ಲೇ ಬರೆದೆ. ಭಾನುವಾರ ಎರಡನೇ ಡಬ್ಬಿ ತೆರೆಯುತ್ತೇನೆ. ಮೇಲೆ 'ಫೋರ್ತ್ ಸೇತುವೆ' ಅಂತ ಬರೆದಿದೆ. ಡೆಲ್ಟಿಕ್ ಇಂಜಿನ್ ಬಲ್ಲವರು ದಯವಿಟ್ಟು ಇಲ್ಲೇ ಇರಿ.